ಐನೂರು ಎಲೆಗೆ ಮೊಸರು ಬಜ್ಜಿ

ಮದುವೆ, ಗೃಹಪ್ರವೇಶ, ನಾಮಕರಣ, ಊರಹಬ್ಬ, ಯಾವುದೇ ಇರಲಿ, ಕಡೂರು, ತರೀಕೆರೆ, ಅಜ್ಜಂಪುರದ ಕಡೆ ನೂರಾರು ಜನ ಸಾಲಾಗಿ ಕೂತು ಉಣ್ಣುವ ಊಟದಲ್ಲಿ ಬಾಳೆ ಎಲೆಯ ಮೇಲಂಚು ಖಾಲಿ ಇರುವುದಿಲ್ಲ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯದ ಜೊತೆಗೆ ಅಲ್ಲೊಂದು ಬೆಳ್ಳಗಿನ ತಣ್ಣಗಿನ ಪದಾರ್ಥ ಬೀಳುತ್ತದೆ. ಮನೆಯಿಂದ ಮನೆಗೆ ಅದರ ಹೆಸರು ಬದಲಾಗುತ್ತದೆ: ಮೊಸರು ಬಜ್ಜಿ, ಪಚಡಿ, ಮಲೆನಾಡಿನತ್ತ ಸರಿದಂತೆ ಸಾಸಿವೆ. ಬಿಸಿ ಅನ್ನ, ಖಾರದ ಸಾರು, ಎಣ್ಣೆಯಲ್ಲಿ ಕರಿದ ಹಪ್ಪಳ ಸಂಡಿಗೆಗಳ ನಡುವೆ ನಾಲಿಗೆಗೆ ತಂಪು ಕೊಡುವುದು ಅದರ ಕೆಲಸ. ಈಗೀಗ ಕಲ್ಯಾಣ ಮಂಟಪಗಳ ಬಫೆ ಮೇಜಿನ ಮೇಲೆ ಆ ಜಾಗಕ್ಕೆ ಇನ್ನೊಂದು ಬಿಳಿ ಪದಾರ್ಥ ಬರುತ್ತಿದೆ. ಬೇಯಿಸಿದ ಆಲೂಗೆಡ್ಡೆ, ಕ್ಯಾರೆಟ್, ಬಟಾಣಿಗೆ ಬಾಟಲಿಯ ಮಯೊನೀಸ್ ಕಲಸಿ ಇಡುವ ಸಲಾಡ್ ಅದು. ಎರಡೂ ಒಂದೇ ಆಸೆಯಿಂದ ಹುಟ್ಟಿದವು. ತರಕಾರಿ ತಣ್ಣಗಿರಬೇಕು, ಅದರ ಮೇಲೊಂದು ನುಣುಪಾದ ಲೇಪ ಇರಬೇಕು, ಬಹಳ ಜನಕ್ಕೆ ಒಟ್ಟಿಗೆ ಸಾಕಾಗಬೇಕು. ಈ ಮೂರು ತಾಲೂಕಿನ ಹವೆಗೆ, ಇಲ್ಲಿ ಕೈಗೆ ಸಿಗುವ ಸಾಮಗ್ರಿಗೆ, ಇಲ್ಲಿನ ಪಂಕ್ತಿಯ ಪದ್ಧತಿಗೆ ಮೊಸರು ಮತ್ತು ತೆಂಗಿನಕಾಯಿಯ ನುಣುಪೇ ಸರಿ ಎಂಬುದು ನನ್ನ ವಾದ. ಅದು ಕೆಟ್ಟರೆ ಕಾರಣ ಮೊಸರಲ್ಲ, ನೀರು. ನೀರನ್ನು ಹಿಡಿತದಲ್ಲಿಟ್ಟುಕೊಂಡವರಿಗೆ ಐನೂರು ಎಲೆಗೂ ಗಟ್ಟಿಯಾದ, ಹುಳಿಯಾಗದ ಮೊಸರು ಬಜ್ಜಿ ಬಡಿಸಲು ಸಾಧ್ಯ.

ಮೊದಲು ಎದುರಾಳಿಯ ವಿಷಯ. ಮಯೊನೀಸ್ ಹಾಕಿದ ತರಕಾರಿ ಸಲಾಡ್ ಅನ್ನು ನಮ್ಮಲ್ಲಿ ರಷ್ಯನ್ ಸಲಾಡ್ ಎನ್ನುತ್ತಾರೆ. 1860ರ ದಶಕದಲ್ಲಿ ಮಾಸ್ಕೋದ ಹರ್ಮಿಟೇಜ್ ಎಂಬ ಹೋಟೆಲಿನಲ್ಲಿ ಲೂಸಿಯನ್ ಒಲಿವಿಯೆ ಎಂಬ ಬಾಣಸಿಗ ಮಾಡಿದ್ದು ಅದರ ಮೂಲ. ಅದರಲ್ಲಿ ಆಗ ಮಾಂಸವೂ ಇತ್ತು. ಊರೂರು ಅಲೆದು, ಮಾಂಸ ಬಿಟ್ಟು, ಆಲೂಗೆಡ್ಡೆ ಬಟಾಣಿಯ ರೂಪದಲ್ಲಿ ನಮ್ಮ ಬಫೆಗೆ ಬಂತು. ಹುಟ್ಟಿದ ದೇಶ ಯಾವುದೆಂದು ನೋಡಿ ಅದನ್ನು ತಳ್ಳಬೇಕಿಲ್ಲ. ಆಲೂಗೆಡ್ಡೆ, ಟೊಮೆಟೊ, ಹಸಿಮೆಣಸಿನಕಾಯಿ ಕೂಡ ಹೊರಗಿನಿಂದಲೇ ಬಂದವು, ಈಗ ಅವಿಲ್ಲದೆ ಇಲ್ಲಿನ ಅಡುಗೆಮನೆ ನಡೆಯುವುದಿಲ್ಲ. ನೋಡಬೇಕಾದದ್ದು ಆ ಲೇಪದ ಗುಣ. ಸಾಂಪ್ರದಾಯಿಕ ಮಯೊನೀಸಿನ ತೂಕದಲ್ಲಿ ಮುಕ್ಕಾಲು ಭಾಗದ ಆಸುಪಾಸು ಎಣ್ಣೆಯೇ ಇರುತ್ತದೆ. ಮೊಟ್ಟೆಯ ಹಳದಿ ಆ ಎಣ್ಣೆಯನ್ನೂ ಹುಳಿ ನೀರನ್ನೂ ಕೂಡಿಸಿ ಹಿಡಿಯುತ್ತದೆ. 100 ಗ್ರಾಂಗೆ 650ರಿಂದ 700 ಕ್ಯಾಲೊರಿ. ಅಷ್ಟೇ ತೂಕದ ಮೊಸರಿನಲ್ಲಿ 60–70 ಕ್ಯಾಲೊರಿ. ಒಬ್ಬಟ್ಟು, ತುಪ್ಪ, ಬೋಂಡ, ಪಾಯಸ ಇರುವ ಊಟಕ್ಕೆ ತಂಪಿಗೆಂದು ಹಾಕುವ ಪದಾರ್ಥವೂ ಎಣ್ಣೆಯೇ ಆದರೆ ಅದು ತನ್ನ ಕೆಲಸವನ್ನೇ ಮರೆತಂತೆ. ದೇವರ ಕಾರ್ಯದ ಊಟಕ್ಕೆ ಮೊಟ್ಟೆಯ ಲೇಪ ಒಗ್ಗುವುದೂ ಇಲ್ಲ. ಮೊಟ್ಟೆಯಿಲ್ಲದ ಮಯೊನೀಸ್ ಎಂದು ಮಾರುವುದರಲ್ಲಿ ಹಾಲಿನ ಅಥವಾ ಸೋಯಾ ಪ್ರೋಟೀನು, ಪಿಷ್ಟ, ಸಕ್ಕರೆ ಸೇರಿ ಎಣ್ಣೆಯನ್ನು ಹಿಡಿದಿರುತ್ತವೆ. ಆ ಹಾಲಿನ ಪ್ರೋಟೀನಿಗಾಗಿ ಬಾಟಲಿಯವರೆಗೆ ಹೋಗುವ ಅಗತ್ಯವೇನು?

ಸುರಕ್ಷತೆಯ ಮಾತು ಬಂದಾಗ ನ್ಯಾಯವಾಗಿ ನಡೆದುಕೊಳ್ಳಬೇಕು. ತೆಲಂಗಾಣ ಸರ್ಕಾರ 2024ರ ಅಕ್ಟೋಬರ್ ಕೊನೆಯಲ್ಲಿ, ತಮಿಳುನಾಡು ಸರ್ಕಾರ 2025ರ ಏಪ್ರಿಲ್‌ನಲ್ಲಿ ಹಸಿ ಮೊಟ್ಟೆಯ ಮಯೊನೀಸನ್ನು ಒಂದು ವರ್ಷದ ಮಟ್ಟಿಗೆ ನಿಷೇಧಿಸಿದವು. ಇದನ್ನು ಹಿಡಿದು ಎಲ್ಲ ಮಯೊನೀಸೂ ವಿಷವೆಂದರೆ ಅದು ತಪ್ಪು. ಕಾರ್ಖಾನೆಯಲ್ಲಿ ಪಾಶ್ಚರೀಕರಿಸಿದ ಮೊಟ್ಟೆಯಿಂದ ಮಾಡಿ, ಸಾಕಷ್ಟು ವಿನಿಗರ್ ಸೇರಿಸಿದ ಬಾಟಲಿಯೊಳಗೆ ರೋಗಾಣುಗಳು ಸುಲಭಕ್ಕೆ ಬೆಳೆಯಲಾರವು. ತೊಂದರೆ ಶುರುವಾಗುವುದು ಆ ಮಯೊನೀಸನ್ನು ಬೇಯಿಸಿದ ಆಲೂಗೆಡ್ಡೆ, ಬಟಾಣಿಗೆ ಕಲಸಿದ ಮೇಲೆ. ಆಲೂಗೆಡ್ಡೆಯಲ್ಲಿ ಹುಳಿಯಿಲ್ಲ, ಪಿಷ್ಟವಿದೆ, ತೇವವಿದೆ. ಅದು ಲೇಪದ ಹುಳಿಯನ್ನು ತೆಳುವಾಗಿಸುತ್ತದೆ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ ಎಂಬುದು ಆಹಾರ ಸುರಕ್ಷತೆಯ ಮೊದಲ ಪಾಠ. ಎರಡು ಗಂಟೆಗಿಂತ ಹೆಚ್ಚು ಹೊತ್ತು, ಸೆಖೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆಗಿಂತ ಹೆಚ್ಚು ಹೊತ್ತು, ಇಂಥ ಪದಾರ್ಥ ಹೊರಗಿರಬಾರದೆಂಬುದು ಅದರ ಇನ್ನೊಂದು ಲೆಕ್ಕ. ಈ ಲೆಕ್ಕ ಮೊಸರು ಬಜ್ಜಿಗೂ ಅನ್ವಯಿಸುತ್ತದೆ. ಮೊಸರು ಹುಳಿಯಿದೆ, ಅದರಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಇದೆ ಎಂದು ಬಿಸಿಲಲ್ಲಿ ಬಿಟ್ಟು ಕೂರುವಂತಿಲ್ಲ. ಹಾಗಾದರೆ ಮೊಸರಿಗೆ ಇರುವ ಮೇಲುಗೈ ಏನು? ಬಜ್ಜಿಯನ್ನು ಬಡಿಸುವ ಹೊತ್ತಿಗೆ ಸರಿಯಾಗಿ ಕಲಸುವುದು ನಮ್ಮ ಪದ್ಧತಿ, ಮಯೊನೀಸ್ ಸಲಾಡನ್ನು ಮೊದಲೇ ಕಲಸಿ ಮೇಜಿನ ಮೇಲೆ ಇಟ್ಟುಬಿಡುವುದು ಬಫೆಯ ಪದ್ಧತಿ. ಮೊಸರು ತಪ್ಪನ್ನು ಬೇಗ ಬಯಲು ಮಾಡುತ್ತದೆ ಎಂಬುದೂ ಇದೆ: ನೀರೊಡೆಯುತ್ತದೆ, ಹುಳಿ ವಾಸನೆ ಬರುತ್ತದೆ, ತಿನ್ನುವವರಿಗೆ ತಿಳಿದುಹೋಗುತ್ತದೆ. ಎಣ್ಣೆಯ ಲೇಪ ಕೆಟ್ಟರೂ ಮೇಲುನೋಟಕ್ಕೆ ಬೆಳ್ಳಗೆ, ಚೆಂದಾಗಿಯೇ ಕಾಣುತ್ತಿರುತ್ತದೆ.

ಈಗ ಊರಿನ ಕಡೆ ನೋಡೋಣ. ಬಾಬಾ ಬುಡನ್‌ಗಿರಿ ಸಾಲಿನ ಮಳೆನೆರಳಿನಲ್ಲಿ ಕಡೂರು ಇದೆ. ಇದೇ ಚಿಕ್ಕಮಗಳೂರು ಜಿಲ್ಲೆಯ ಪಶ್ಚಿಮದ ತಾಲೂಕುಗಳಲ್ಲಿ ಜಡಿಮಳೆ ಸುರಿಯುವಾಗ ಇಲ್ಲಿ ಮೋಡ ಹಾದುಹೋಗುವುದನ್ನು ನೋಡುತ್ತ ಕೂರಬೇಕು. ರಾಗಿ, ಈರುಳ್ಳಿ, ತೆಂಗು ಇಲ್ಲಿಯ ಬದುಕು. ಬೀರೂರಿನಿಂದ ಅರಸೀಕೆರೆ, ತಿಪಟೂರಿನತ್ತ ಹೊರಟರೆ ದಾರಿಯುದ್ದಕ್ಕೂ ತೆಂಗಿನ ತೋಟ. ತರೀಕೆರೆ ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಹೊಸ್ತಿಲು. ಒಂದು ಕಡೆ ಕೆಮ್ಮಣ್ಣುಗುಂಡಿಯ ಕಾಡು, ಇನ್ನೊಂದು ಕಡೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು, ನೀರು ಸಿಕ್ಕಲ್ಲೆಲ್ಲ ಅಡಿಕೆ. ತೀರಾ ಇತ್ತೀಚಿನವರೆಗೆ ತರೀಕೆರೆ ತಾಲೂಕಿನಲ್ಲೇ ಇದ್ದ ಅಜ್ಜಂಪುರದ ಹೊಲಗಳಲ್ಲಿ ಮುಂಗಾರಿನಲ್ಲಿ ಈರುಳ್ಳಿ, ಆಲೂಗೆಡ್ಡೆ. ಸೌತೆ, ಈರುಳ್ಳಿ, ಆಲೂಗೆಡ್ಡೆ, ತೆಂಗಿನಕಾಯಿ, ಕೊತ್ತಂಬರಿ, ಹಸಿಮೆಣಸಿನಕಾಯಿ ಎಂದು ಪಟ್ಟಿ ಬರೆದು ಹೊರಟರೆ ಮೂರು ಊರಿನ ಸಂತೆ ದಾಟಿ ಹೋಗಬೇಕಿಲ್ಲ. ಹಾಲಿನ ಕಥೆ ಸ್ವಲ್ಪ ಬೇರೆ. ಅಜ್ಜಂಪುರ ಎಂದೊಡನೆ ನೆನಪಾಗುವುದು ಅಮೃತ್ ಮಹಲ್ ದನ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ದನಗಳ ಇಲಾಖೆ ಟಿಪ್ಪುವಿನ ಕಾಲದಲ್ಲಿ ಅಮೃತ್ ಮಹಲ್ ಆಯಿತು, ಅದರ ಕಾವಲುಗಳ ತಳಿಯನ್ನು ಉಳಿಸುವ ಸರ್ಕಾರಿ ತಳಿ ಸಂವರ್ಧನಾ ಕೇಂದ್ರ ಇಂದಿಗೂ ಅಜ್ಜಂಪುರದಲ್ಲಿದೆ. ಆದರೆ ಅದು ದುಡಿಯುವ ಎತ್ತುಗಳಿಗೆ ಹೆಸರಾದ ತಳಿ, ಅದರ ಹಸು ಕೊಡುವ ಹಾಲು ಕಡಿಮೆ. ಇಂದು ಐನೂರು ಜನಕ್ಕೆ ಮೊಸರು ಬೇಕಾದರೆ ಮಿಶ್ರತಳಿ ಹಸುಗಳ, ಎಮ್ಮೆಗಳ ಹಾಲನ್ನು ಊರಿನ ಡೇರಿಯಿಂದ ತರಬೇಕು. ಚಿಕ್ಕಮಗಳೂರು ಜಿಲ್ಲೆಯ ಡೇರಿಗಳು ಹಾಸನ ಹಾಲು ಒಕ್ಕೂಟದ ವ್ಯಾಪ್ತಿಗೆ ಬರುತ್ತವೆ. ನಾಲ್ಕು ದಿನ ಮೊದಲು ಹೇಳಿಟ್ಟರೆ ಇಪ್ಪತ್ತು ಲೀಟರು ಹಾಲು ಹೊಂದಿಸುವುದು ಕಷ್ಟವಲ್ಲ.

ಇನ್ನು ವಾದದ ಗಂಟಿಗೆ ಬರುತ್ತೇನೆ. ಸೌತೆಕಾಯಿಯ ತೂಕದಲ್ಲಿ ಶೇ 95ರಷ್ಟು ನೀರು. ಟೊಮೆಟೊ ಕೂಡ ಹೆಚ್ಚುಕಡಿಮೆ ಅಷ್ಟೇ. ಈರುಳ್ಳಿಯಲ್ಲಿ ಸುಮಾರು ಶೇ 89, ಹಾಲಿನಲ್ಲಿ ಶೇ 87. ಅಂದರೆ ಮೊಸರು ಬಜ್ಜಿ ಎನ್ನುವುದು ಬಹುಪಾಲು ನೀರೇ. ಆ ನೀರು ತರಕಾರಿಯ ಜೀವಕೋಶಗಳೊಳಗೆ, ಮೊಸರಿನ ಹೆಪ್ಪಿನೊಳಗೆ ಬಂಧಿಯಾಗಿರುವವರೆಗೆ ಬಜ್ಜಿ ಗಟ್ಟಿ. ಅದನ್ನು ಹೊರಗೆ ಬಿಡುವುದು ಉಪ್ಪು. ಹೆಚ್ಚಿದ ಸೌತೆಯ ಮೇಲೆ ಉಪ್ಪು ಬಿದ್ದೊಡನೆ ಹೊರಗಿನ ಉಪ್ಪುನೀರು ಕೋಶದೊಳಗಿನ ನೀರನ್ನು ಎಳೆಯುತ್ತದೆ, ಹತ್ತು ನಿಮಿಷದಲ್ಲಿ ಪಾತ್ರೆಯ ತಳದಲ್ಲಿ ನೀರು ನಿಲ್ಲುತ್ತದೆ. ಮನೆಯಲ್ಲಿ ಐದು ಜನಕ್ಕೆ ಮಾಡಿದಾಗ ಇದು ಕಾಣುವುದಿಲ್ಲ, ಕಲಸಿದ ಕೂಡಲೇ ತಿಂದು ಮುಗಿಯುತ್ತದೆ. ಐನೂರು ಜನದ ಕೊಪ್ಪರಿಗೆಯಲ್ಲಿ ಕಲಸಿ ಒಂದು ಗಂಟೆ ಬಿಟ್ಟರೆ ಮೊದಲ ಪಂಕ್ತಿಗೆ ಬಜ್ಜಿ, ಮೂರನೆಯ ಪಂಕ್ತಿಗೆ ತರಕಾರಿ ತೇಲುವ ಮಜ್ಜಿಗೆ. ಎಲೆಯ ಮೇಲೆ ಹರಿದು ಪಲ್ಯಕ್ಕೆ ಸೇರಿ, ಹಪ್ಪಳವನ್ನು ಮೆತ್ತಗೆ ಮಾಡಿ, ಕೊನೆಗೆ ಉಣ್ಣುವವರ ಮಡಿಲಿಗೇ ಇಳಿಯುವ ಬಜ್ಜಿ ನೋಡದವರಿಲ್ಲ. ಅಡುಗೆಯವರು ಮಯೊನೀಸಿನತ್ತ ತಿರುಗಲು ರುಚಿಗಿಂತ ದೊಡ್ಡ ಕಾರಣ ಇದೇ ಇರಬೇಕು. ಎಣ್ಣೆ ನೀರೊಡೆಯುವುದಿಲ್ಲ, ಹೊತ್ತು ತಡೆಯುತ್ತದೆ. ಸಮಸ್ಯೆ ನಿಜ. ಪರಿಹಾರ ಮಾತ್ರ ಎಣ್ಣೆಯಲ್ಲಿ ಇರಬೇಕಿಲ್ಲ.

ಪರಿಹಾರ ಹಾಲು ಕಾಯಿಸುವಲ್ಲೇ ಶುರುವಾಗಬೇಕು. ಒಂದು ಉಕ್ಕು ಬಂದೊಡನೆ ಇಳಿಸಿದ ಹಾಲಿನ ಮೊಸರಿಗೂ, ಉಕ್ಕಿದ ಮೇಲೆ ಸಣ್ಣ ಉರಿಯಲ್ಲಿ ಹತ್ತು ಹದಿನೈದು ನಿಮಿಷ ಕಾದ ಹಾಲಿನ ಮೊಸರಿಗೂ ವ್ಯತ್ಯಾಸವಿದೆ. ಹೆಚ್ಚು ಹೊತ್ತು ಕಾದಾಗ ಹಾಲಿನ ತಿಳಿಯಲ್ಲಿರುವ ಪ್ರೋಟೀನುಗಳು ಸುರುಳಿ ಬಿಚ್ಚಿ ಕೇಸೀನಿಗೆ ಅಂಟಿಕೊಳ್ಳುತ್ತವೆ. ಹಾಗೆ ಅಂಟಿಕೊಂಡ ಹೆಪ್ಪು ನೀರನ್ನು ಬಿಗಿಯಾಗಿ ಹಿಡಿಯುತ್ತದೆ. ಹಾಲಿನಲ್ಲಿ ಸ್ವಲ್ಪ ನೀರು ಆವಿಯಾಗುವುದೂ ಒಳ್ಳೆಯದೇ. ಎಮ್ಮೆ ಹಾಲು ಸಿಕ್ಕರೆ ಇನ್ನೂ ಗಟ್ಟಿ, ಏಕೆಂದರೆ ಅದರಲ್ಲಿ ಕೊಬ್ಬೂ ಪ್ರೋಟೀನೂ ಹೆಚ್ಚು. ಬೆರಳು ತಾಳುವಷ್ಟು ಉಗುರು ಬೆಚ್ಚಗಾದ ಮೇಲೆ ಹೆಪ್ಪು ಹಾಕಿ ಅಲುಗಾಡಿಸದೆ ಬಿಡಬೇಕು. ಬೇಸಿಗೆಯಲ್ಲಿ ಹೆಪ್ಪು ಕಡಿಮೆ ಸಾಕು. ಸಂಜೆ ಆರಕ್ಕೆ ಹೆಪ್ಪು ಹಾಕಿ ಮರುದಿನ ಹನ್ನೆರಡಕ್ಕೆ ಬಡಿಸಿದರೆ ಹುಳಿ ಬಂದೇ ಬರುತ್ತದೆ. ಅಡುಗೆ ಶುರುವಾಗುವ ರಾತ್ರಿ ಹತ್ತು ಗಂಟೆಯ ಮೇಲೆ ಹೆಪ್ಪು ಹಾಕಿ, ಬೆಳಗಿನ ಜಾವ ಗಟ್ಟಿಯಾದದ್ದು ಕಂಡೊಡನೆ ಪಾತ್ರೆಯನ್ನು ಐಸ್ ಹಾಕಿದ ನೀರಿನ ತೊಟ್ಟಿಯಲ್ಲಿ ಇಡಬೇಕು. ಮದುವೆಯಲ್ಲಿ ಪಾನಕಕ್ಕೆ, ಐಸ್‌ಕ್ರೀಮಿಗೆ ಐಸ್ ತರಿಸಿಯೇ ಇರುತ್ತಾರೆ, ಅದರಲ್ಲಿ ಒಂದು ಪಾಲು ಮೊಸರಿಗೆ.

ಆಮೇಲೆ ಮೊಸರನ್ನು ಬಟ್ಟೆಗೆ ಹಾಕಿ ತೂಗುಬಿಡುವುದು. ಇದೇನೂ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಶಿಖರಿಣಿಯ ಪ್ರಸ್ತಾಪವಿದೆ. ನೀರು ಬಸಿದ ಮೊಸರಿಗೆ ಸಕ್ಕರೆ ಬೆರೆಸಿದ ಪದಾರ್ಥ ಅದು, ಇಂದಿನ ಶ್ರೀಖಂಡದ ಪೂರ್ವಜ. ಬಜ್ಜಿಗೆ ಅಷ್ಟು ಗಟ್ಟಿ ಬೇಡ. ತೊಳೆದು ಕುದಿಸಿ ಒಣಗಿಸಿದ ತೆಳು ಪಂಚೆ ಬಟ್ಟೆಯಲ್ಲಿ ಒಂದೂವರೆ ಗಂಟೆ ತೂಗಿದರೆ 20 ಲೀಟರಿನ ಮೊಸರು ಹದಿಮೂರು ಕೆಜಿಯ ಸುಮಾರಿಗೆ ಬಂದು ನಿಲ್ಲುತ್ತದೆ. ತಂಪಾದ ಜಾಗದಲ್ಲಿ, ಮುಚ್ಚಿ ತೂಗಬೇಕು. ಇಳಿದುಹೋಗುವ ತಿಳಿನೀರಿನ ಜೊತೆ ಹುಳಿಯ ಒಂದು ಪಾಲೂ ಹೋಗುತ್ತದೆ ಎಂಬುದು ಇಲ್ಲಿಯ ಲಾಭ. ಮೊಸರು ಹುಳಿಯಾಗುತ್ತದೆ ಎಂಬ ಆಕ್ಷೇಪಕ್ಕೆ ಅರ್ಧ ಉತ್ತರ ಈ ಬಟ್ಟೆಯಲ್ಲೇ ಇದೆ. ಉಳಿದ ಅರ್ಧಕ್ಕೆ ಮೊಸರನ್ನದ ಉಪಾಯ ಬಲ್ಲವರಿದ್ದಾರೆ: ಬಡಿಸುವ ಮುಂಚೆ ಕಾಯಿಸಿ ಆರಿಸಿದ ತಣ್ಣನೆಯ ಹಾಲು ಒಂದು ಲೋಟ ಬೆರೆಸಿದರೆ ಹುಳಿ ತಗ್ಗುತ್ತದೆ. ಕಡೆಗೋಲಿನಿಂದ ಕಡೆಯಬಾರದು. ಕಡೆದರೆ ಹೆಪ್ಪು ಒಡೆದು ಮತ್ತೆ ನೀರು ಬೇರೆಯಾಗುತ್ತದೆ, ಸೌಟಿನ ಬೆನ್ನಿನಲ್ಲಿ ಮೆಲ್ಲಗೆ ಒತ್ತಿ ನುಣ್ಣಗೆ ಮಾಡಿದರೆ ಸಾಕು.

ನುಣುಪಿನ ಇನ್ನೊಂದು ಅರ್ಧ ತೆಂಗಿನಕಾಯಿಯದು. ಮಲೆನಾಡಿನ ಮನೆಗಳ ಸಾಸಿವೆಯಲ್ಲಿ ತೆಂಗಿನತುರಿ, ಹಸಿಮೆಣಸಿನಕಾಯಿ, ಹಸಿ ಸಾಸಿವೆ ಕಾಳನ್ನು ನುಣ್ಣಗೆ ರುಬ್ಬಿ ಮೊಸರಿಗೆ ಸೇರಿಸುತ್ತಾರೆ. ಕಾಯಿಯ ಕೊಬ್ಬು ಕೆನೆಯ ರುಚಿ ಕೊಡುತ್ತದೆ, ಕಾಯಿಯ ನಾರು ಬಿಡುಗಡೆಯಾದ ನೀರನ್ನು ಹೀರಿಕೊಳ್ಳುತ್ತದೆ. ಸಾಸಿವೆ ಕಾಳಿನ ಹೊರಪದರ ನೀರಿನಲ್ಲಿ ಲೋಳೆಯಾಗಿ ಕೊಬ್ಬನ್ನೂ ನೀರನ್ನೂ ಕೂಡಿಸುತ್ತದೆ. ಮಯೊನೀಸ್ ಮಾಡುವವರೂ ಅದಕ್ಕೆ ಸಾಸಿವೆ ಸೇರಿಸುವುದು ಇದೇ ಗುಣಕ್ಕಾಗಿ. ಸಾಸಿವೆಯ ಮೂಗಿಗೇರುವ ಘಾಟು ಕಾಳನ್ನು ತಣ್ಣೀರಿನಲ್ಲಿ ಅರೆದಾಗ ಮಾತ್ರ ಹುಟ್ಟುತ್ತದೆ, ಬಿಸಿನೀರು ಹಾಕಿದರೆ ಅದನ್ನು ಹುಟ್ಟಿಸುವ ಕಿಣ್ವವೇ ಸಾಯುತ್ತದೆ. ಕಾಳು ಹೆಚ್ಚಾದರೆ ಕಹಿ. ಹತ್ತು ಕಾಯಿಗೆ ನಾಲ್ಕು ಚಮಚಕ್ಕಿಂತ ಮೇಲೆ ಹೋಗದಿರುವುದು ಒಳ್ಳೆಯದು. ಬಯಲುಸೀಮೆಯ ಅಡುಗೆಯವರು ಗಟ್ಟಿಗೆಂದು ಒಂದು ಹಿಡಿ ಹುರಿಗಡಲೆ ಸೇರಿಸಿ ರುಬ್ಬುವುದುಂಟು, ಅದೂ ಸರಿಯೇ, ಅದರ ಪಿಷ್ಟ ನೀರು ಕುಡಿಯುತ್ತದೆ. ಬಯಲುಸೀಮೆಯ ಬಜ್ಜಿ, ಮಲೆನಾಡಿನ ಸಾಸಿವೆ ಎರಡೂ ಸೇರಿದ ಈ ಲೇಪ ತರೀಕೆರೆಯಂಥ ಹೊಸ್ತಿಲೂರಿನಲ್ಲಿ ಯಾರಿಗೂ ಪರಕೀಯ ಅನ್ನಿಸದು. ಒಂದೇ ಎಚ್ಚರ: ರುಬ್ಬಿದ ಕಾಯಿ ಬೇಸಿಗೆಯ ಸೆಖೆಯಲ್ಲಿ ಮೊಸರಿಗಿಂತಲೂ ಬೇಗ ಹಳಸುತ್ತದೆ. ಆದ್ದರಿಂದ ಬೆಳಗಿನ ಚಟ್ನಿಯ ಜೊತೆಗೇ ಇದನ್ನೂ ರುಬ್ಬಿ ಮುಗಿಸಿಬಿಡುವ ಆಸೆ ಬೇಡ, ಪಂಕ್ತಿಗೆ ಒಂದು ಗಂಟೆ ಮುಂಚೆ, ಐಸ್ ನೀರು ಹಾಕಿ ರುಬ್ಬಬೇಕು.

ತರಕಾರಿಯಲ್ಲಿ ಸೌತೆಯೇ ಯಜಮಾನ, ಅದರ ಮೇಲೆಯೇ ಹೆಚ್ಚು ಕಣ್ಣಿರಬೇಕು. ಬಲಿತ ಸೌತೆಯ ನೀರೆಲ್ಲ ನಡುವಿನ ತಿರುಳು ಬೀಜದಲ್ಲಿರುತ್ತದೆ, ಉದ್ದಕ್ಕೆ ಸೀಳಿ ಚಮಚದಿಂದ ತಿರುಳನ್ನು ಕೆರೆದು ತೆಗೆದರೆ ಅರ್ಧ ತೊಂದರೆ ಅಲ್ಲೇ ಮುಗಿಯಿತು. ಎಳೆಯ ನಾಟಿ ಸೌತೆಗೆ ಇದು ಬೇಡ. ಪ್ರತಿಯೊಂದು ಕಾಯಿಯ ತೊಟ್ಟಿನ ತುದಿಯನ್ನು ಕತ್ತರಿಸಿ ಬಾಯಿಗೆ ಹಾಕಿ ನೋಡಲೇಬೇಕು; ಕಹಿ ಇರುವುದು ಬಹುಮಟ್ಟಿಗೆ ಅಲ್ಲೇ, ಒಂದೇ ಕಹಿ ಕಾಯಿ ಮೂವತ್ತು ಕೆಜಿಯ ಪಾತ್ರೆಯನ್ನು ಹಾಳು ಮಾಡುತ್ತದೆ. ಇದಕ್ಕೆ ಒಬ್ಬರನ್ನು ಕೂರಿಸಿದರೆ ದಂಡವಲ್ಲ. ಹೆಚ್ಚುವಾಗ ತುರಿಮಣೆಯ ಗೊಡವೆಗೆ ಹೋಗಬಾರದು, ತುರಿದಷ್ಟೂ ಕೋಶ ಒಡೆಯುತ್ತದೆ, ಒಡೆದಷ್ಟೂ ನೀರು. ಕಡಲೆಕಾಳಿನ ಗಾತ್ರಕ್ಕೆ ಹರಿತವಾದ ಚಾಕುವಿನಲ್ಲಿ, ಅಥವಾ ಕೈ ಪಳಗಿದವರಾದರೆ ಈಳಿಗೆಮಣೆಯಲ್ಲಿ, ಹೆಚ್ಚಬೇಕು. ಹೆಚ್ಚಿದ ಸೌತೆಗೆ ಲೆಕ್ಕದ ಉಪ್ಪಿನಲ್ಲಿ ಅರ್ಧವನ್ನು ಹಾಕಿ ಇಪ್ಪತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಮೆಲ್ಲಗೆ ಹಿಂಡಿ ತೆಗೆದರೆ ಮುಂದೆ ಪಂಕ್ತಿಯಲ್ಲಿ ಬಿಡಬೇಕಿದ್ದ ನೀರನ್ನು ಅದು ಅಡುಗೆಮನೆಯಲ್ಲೇ ಬಿಟ್ಟಿರುತ್ತದೆ. ಗರಿಗರಿ ಹೋಗುವುದಿಲ್ಲವೇ ಎಂದು ಕೇಳಬಹುದು. ಹೋಗುವುದಿಲ್ಲ, ಬದಲಿಗೆ ಕಚ್ಚಿದರೆ ಕರಕರ ಎನ್ನುವ ಬಿಗಿ ಬರುತ್ತದೆ.

ಟೊಮೆಟೊವನ್ನು ನಾನು ಈ ಪಟ್ಟಿಯಿಂದ ಬಿಡುತ್ತೇನೆ. ಮನೆಯ ಬಜ್ಜಿಗೆ ಅದು ಚೆನ್ನ, ಕೊಪ್ಪರಿಗೆಯ ಬಜ್ಜಿಗೆ ಶತ್ರು: ನೀರೂ ಬಿಡುತ್ತದೆ, ಬಿಳಿಯನ್ನು ಕೆಂಪಗೂ ಮಾಡುತ್ತದೆ. ಅದರ ಜಾಗಕ್ಕೆ ಸಣ್ಣಗೆ ಹೆಚ್ಚಿದ ಹಸಿ ಕ್ಯಾರೆಟ್, ದಾಳಿಂಬೆ ಕಾಳು. ಆಲೂಗೆಡ್ಡೆಗೆ ಮಾತ್ರ ಜಾಗ ಇರಲಿ, ರಷ್ಯನ್ ಸಲಾಡಿನಿಂದ ಕಲಿಯಬೇಕಾದ ಒಂದು ಒಳ್ಳೆಯ ಪಾಠ ಅದು. ಬೇಯಿಸಿದ ಆಲೂಗೆಡ್ಡೆಯ ಪಿಷ್ಟ ಉಳಿದ ನೀರನ್ನು ಹೀರಿ ಲೇಪವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಸಿಪ್ಪೆಯ ಸಮೇತ ಉಪ್ಪುನೀರಿನಲ್ಲಿ, ಚೂರಾಗದಂತೆ ಬೇಯಿಸಿ, ಪೂರ್ತಿ ತಣ್ಣಗಾದ ಮೇಲೆ ಹೆಚ್ಚಬೇಕು. ಬಿಸಿ ಆಲೂಗೆಡ್ಡೆ ಮೊಸರನ್ನು ಒಡೆಯುತ್ತದೆ, ಪದಾರ್ಥವನ್ನು ಉಗುರು ಬೆಚ್ಚಗೆ ಮಾಡಿ ರೋಗಾಣುಗಳಿಗೆ ಹಾಸಿಗೆ ಹಾಸುತ್ತದೆ. ಈರುಳ್ಳಿ ಹೆಚ್ಚಿಟ್ಟಷ್ಟೂ ಕಟು. ತಣ್ಣೀರಿನಲ್ಲಿ ಒಮ್ಮೆ ಜಾಲಿಸಿ ಬಸಿದು ಕೊನೆಗೆ ಸೇರಿಸಬೇಕು. ದೇವರ ಕಾರ್ಯದ ಊಟವಾದರೆ, ಈರುಳ್ಳಿ ತಿನ್ನದ ಹಿರಿಯರು ಪಂಕ್ತಿಯಲ್ಲಿ ಇದ್ದರೆ, ಅದನ್ನು ಬಿಟ್ಟು ಇಂಗಿನ ಒಗ್ಗರಣೆ ಕೊಟ್ಟರೆ ಏನೂ ಕೊರತೆಯಾಗದು. ಒಗ್ಗರಣೆಯೂ ತಣ್ಣಗಾಗಿಯೇ ಬೀಳಬೇಕು.

ಐನೂರು ಎಲೆಯ ಲೆಕ್ಕ ಹೀಗೆ. ತಲೆಗೆ 60 ಗ್ರಾಂ ಹಿಡಿದರೆ ಒಟ್ಟು 30 ಕೆಜಿ ಬೇಕು. ಹತ್ತಾರು ಬಗೆ ಇರುವ ಊಟದಲ್ಲಿ ಅಷ್ಟು ಸಾಕು. ಬಟ್ಟೆಯಲ್ಲಿ ಬಸಿದ ಮೊಸರು ಹನ್ನೆರಡೂವರೆ ಕೆಜಿ, ತಿರುಳು ತೆಗೆದು ಹೆಚ್ಚಿದ ಸೌತೆ 10 ಕೆಜಿ, ಹಿಂಡಿದ ಮೇಲೆ ಅದು 8 ಕೆಜಿಗೆ ಬರುತ್ತದೆ. ಆಲೂಗೆಡ್ಡೆ 4 ಕೆಜಿ, ಕ್ಯಾರೆಟ್ 2, ಈರುಳ್ಳಿ 2. ಕಾಯಿ ಹತ್ತು, ಹಸಿಮೆಣಸಿನಕಾಯಿ ಕಾಲು ಕೆಜಿ, ಕೊತ್ತಂಬರಿ ಸೊಪ್ಪು ಧಾರಾಳ. ಉಪ್ಪು ಒಟ್ಟು ತೂಕದ ನೂರನೆಯ ಒಂದು ಭಾಗ, ಅಂದರೆ 300 ಗ್ರಾಂ. ಅರ್ಧ ಸೌತೆಗೆ ಬಿದ್ದಿದೆ, ಹಿಂಡಿದಾಗ ಅದರಲ್ಲಿ ಒಂದು ಪಾಲು ನೀರಿನ ಜೊತೆ ಹೋಗಿರುತ್ತದೆ. ಆದ್ದರಿಂದ ಉಳಿದರ್ಧವನ್ನು ರುಚಿ ನೋಡಿಕೊಂಡೇ ಹಾಕಬೇಕು. ಈ 30 ಕೆಜಿಯನ್ನು ಒಟ್ಟಿಗೆ ಕಲಸಬಾರದು ಎಂಬುದೇ ಇಡೀ ವಿದ್ಯೆಯ ಕೀಲಿಕೈ. ಲೇಪ ಒಂದು ಪಾತ್ರೆಯಲ್ಲಿ, ತರಕಾರಿ ಇನ್ನೊಂದರಲ್ಲಿ, ಎರಡೂ ಮುಚ್ಚಿ ಐಸಿನ ಮೇಲೆ ಇರಬೇಕು. ನೂರು ನೂರೈವತ್ತು ಎಲೆ ಹಾಕಿ ನೀರು ಚಿಮುಕಿಸುವ ಹೊತ್ತಿಗೆ ಆ ಪಂಕ್ತಿಗೆ ಬೇಕಾದ ಏಳೆಂಟು ಕೆಜಿಯನ್ನು ಸ್ಟೀಲ್ ಬಕೆಟ್ಟಿನಲ್ಲಿ ಕಲಸಿ, ಉಪ್ಪು ಹಾಕಿ, ಕೊಡಬೇಕು. ಹಾಗೆ ಕಲಸಿದ್ದು ಅರ್ಧ ಗಂಟೆಯೊಳಗೆ ಎಲೆಯ ಮೇಲಿರುತ್ತದೆ. ಎರಡು ಗಂಟೆಯ ಲೆಕ್ಕವೂ ಒಂದು ಗಂಟೆಯ ಲೆಕ್ಕವೂ ಅದರ ಹತ್ತಿರ ಬರುವುದಿಲ್ಲ.

ಇಷ್ಟು ರಗಳೆಗೆ ಜನ ಎಲ್ಲಿದ್ದಾರೆ ಎಂಬುದು ಕಂಟ್ರಾಕ್ಟ್ ಅಡುಗೆಯವರ ಪ್ರಶ್ನೆ, ಅದು ಸುಮ್ಮನೆ ತಳ್ಳಿಹಾಕುವ ಪ್ರಶ್ನೆಯಲ್ಲ. ಬಡಿಸುವ ಹೊತ್ತಿನಲ್ಲಿ ಒಲೆಯ ಮುಂದೆ ಇರುವವರಿಗೆ ಉಸಿರಾಡಲು ಪುರಸೊತ್ತಿಲ್ಲ. ಆದರೆ ಲೆಕ್ಕ ಹಾಕಿ ನೋಡಿ: ಹಾಲು ಕಾಯಿಸುವುದು, ಹೆಪ್ಪು, ಬಟ್ಟೆಯಲ್ಲಿ ತೂಗುವುದು ಇವೆಲ್ಲ ರಾತ್ರಿ ಮತ್ತು ಬೆಳಗಿನ ಜಾವದ ಕೆಲಸ, ಯಾರೂ ಪಕ್ಕದಲ್ಲಿ ನಿಲ್ಲಬೇಕಿಲ್ಲ. ಹೆಚ್ಚುವ ಕೆಲಸ ಮಯೊನೀಸ್ ಸಲಾಡಿಗೂ ಅಷ್ಟೇ ಇದೆ. ಹೆಚ್ಚುವರಿಯಾಗಿ ಬೇಕಾದದ್ದು ಪಂಕ್ತಿಯ ಹೊತ್ತಿಗೆ ಕಲಸಿಕೊಡುವ ಒಬ್ಬರು. ನೆಂಟರ ಮನೆಯ ಕಾರ್ಯಕ್ಕೆ ಬಂದು ಕೈಸೇರಿಸುವವರು, ಪಾತ್ರೆ ಹಿಡಿದು ಬಡಿಸಲು ನಿಲ್ಲುವ ಹುಡುಗರು ಈ ಕಡೆ ಇನ್ನೂ ಕಡಿಮೆಯಾಗಿಲ್ಲ. ಅಂತರಘಟ್ಟೆ ಜಾತ್ರೆಗೆ ಎತ್ತಿನ ಗಾಡಿ ಕಟ್ಟಿಕೊಂಡು ಬಂದವರು ಬಯಲಿನಲ್ಲೇ ಬಿಡಾರ ಮಾಡುವ ಸೀಮೆ ಇದು, ಒಟ್ಟು ಕೂಡಿ ಅಡುಗೆ ಮಾಡುವುದು ಇಲ್ಲಿಯವರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಒಬ್ಬರನ್ನು ಈ ಬಕೆಟ್ಟಿಗೇ ಎಂದು ನೇಮಿಸಿದರೆ ಸಾಕು.

ಮಕ್ಕಳಿಗೆ, ಹರೆಯದವರಿಗೆ ಮಯೊನೀಸಿನ ರುಚಿಯೇ ಬೇಕು ಎನ್ನುವ ಮಾತೂ ಇದೆ. ಅವರು ಇಷ್ಟಪಡುವುದು ಅದರ ನುಣುಪು, ಸಿಹಿಹುಳಿ, ಬಾಯಿಗೆ ಹತ್ತುವ ಕೊಬ್ಬು. ಮೂರೂ ತೂಗಿದ ಮೊಸರು ಮತ್ತು ಕಾಯಿಯಲ್ಲಿವೆ, ಒಂದು ಹಿಡಿ ಸಕ್ಕರೆ ಬಿದ್ದರೆ ದೂರು ಬರುವುದಿಲ್ಲ. ನೀರುನೀರಾದ ಬಜ್ಜಿ ಕಂಡು ಮುಖ ತಿರುಗಿಸಿದ ಮಕ್ಕಳ ಮೇಲೆ ರುಚಿಯಿಲ್ಲದವರೆಂಬ ಆರೋಪ ಹೊರಿಸುವುದು ಅನ್ಯಾಯ. ಹಿರಿಯರ ಆಕ್ಷೇಪ ಇದಕ್ಕಿಂತ ಗಂಭೀರ: ರಾತ್ರಿ ಮೊಸರು ಬೇಡ. ಆಯುರ್ವೇದದ ಗ್ರಂಥಗಳು ರಾತ್ರಿ ಮೊಸರು ತಿನ್ನಬಾರದು ಎಂದಿವೆ, ಸಂಜೆಯ ಆರತಕ್ಷತೆಯಲ್ಲಿ ಎಷ್ಟೋ ಜನ ಅದನ್ನು ಪಾಲಿಸುತ್ತಾರೆ. ಅವರ ನಂಬಿಕೆಯನ್ನು ಅಲ್ಲಗಳೆದು ಬಡಿಸುವುದರಲ್ಲಿ ಅರ್ಥವಿಲ್ಲ. ರಾತ್ರಿಯೂಟಕ್ಕೆ ಇದೇ ತರಕಾರಿಗೆ ಮೊಸರು ಬಿಟ್ಟು, ಕಾಯಿ ಹುರಿಗಡಲೆ ರುಬ್ಬಿ, ನಿಂಬೆಹಣ್ಣು ಹಿಂಡಿದರೆ ನುಣುಪು ಉಳಿಯುತ್ತದೆ. ಹಾಲಿನ ಪದಾರ್ಥ ಒಗ್ಗದವರಿಗೂ ಅದು ಆಗುತ್ತದೆ. ಇಲ್ಲವೇ ನೆನೆಸಿದ ಹೆಸರುಬೇಳೆಯ ಕೋಸಂಬರಿ ಇದ್ದೇ ಇದೆ.

ಕೊನೆಯ ಪಂಕ್ತಿ ಎದ್ದ ಮೇಲೆ ಬಕೆಟ್ಟಿನಲ್ಲಿ ಉಳಿದ ಬಜ್ಜಿಯನ್ನು ಡಬ್ಬಿಗೆ ತುಂಬಿ ನೆಂಟರ ಕೈಗೆ ಕೊಡುವ ಪ್ರೀತಿ ಬೇಡ, ಬಸ್ಸಿನಲ್ಲಿ ಬೀರೂರಿನಿಂದ ಶಿವಮೊಗ್ಗ ತಲುಪುವಷ್ಟರಲ್ಲಿ ಅದು ಕೆಟ್ಟಿರುತ್ತದೆ. ಕಲಸದೆ ಐಸಿನ ಮೇಲೆ ಉಳಿದ ಮೊಸರು ಬೇರೆ ವಿಷಯ, ನೀರು ಸೇರಿಸಿ ಉಪ್ಪು ಶುಂಠಿ ಹಾಕಿದರೆ ಪಾತ್ರೆ ತೊಳೆಯುವವರಿಂದ ಹಿಡಿದು ಚಪ್ಪರ ಬಿಚ್ಚುವವರವರೆಗೆ ಎಲ್ಲರಿಗೂ ಮಧ್ಯಾಹ್ನದ ಮಜ್ಜಿಗೆ. ಬಟ್ಟೆಯಿಂದ ಇಳಿದ ಏಳು ಲೀಟರು ತಿಳಿಯನ್ನು ಬೆಳಗ್ಗೆಯೇ ಹುಳಿಯ ಪಾತ್ರೆಗೆ ಕಳಿಸಿರಬೇಕು. ಬೇಯುವ ಬೂದುಗುಂಬಳಕ್ಕೆ ನೀರಿನ ಬದಲು ಅದನ್ನು ಹಾಕಿದರೆ ಮಜ್ಜಿಗೆಹುಳಿಗೆ ಮೊಸರು ಕಡಿಮೆ ಸಾಕಾಗುತ್ತದೆ.